ಫಲಕ ಮೊದಲೇ ಸಿದ್ಧವಾಗಿತ್ತು: ಪಾವಗಡದ ಒಂದು ಹಳ್ಳಿಗೆ ಬಂದ ವಿದೇಶಿ ಸ್ವಯಂಸೇವಕರ ಪ್ರಕರಣ

ಇದು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆದದ್ದು. ಹಳ್ಳಿಯ ಹೆಸರು, ಬಂದ ತಂಡದ ಹೆಸರು, ಅವರು ಯಾವ ದೇಶದಿಂದ ಬಂದರು ಅನ್ನುವುದನ್ನು ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಈ ಭಾಗದಲ್ಲಿ ಕೆಲಸ ಮಾಡುವ ಒಂದು ಸಣ್ಣ ಟ್ರಸ್ಟಿನವನು. ಬಂದವರಿಗೆ ಊರು ತೋರಿಸುವುದು, ಊರಿನವರ ಮಾತು ಅವರಿಗೆ ತಲುಪಿಸುವುದು, ಅವರು ಹೋದ ಮೇಲೆ ಉಳಿದ ಕೆಲಸ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಹೊರದೇಶದಿಂದ ತಂಡಗಳನ್ನು ಕರೆಸುವವರಿಗೂ, ಹಾಗೆ ಹೊರಟು ಬರುವ ನಮ್ಮ ಅನಿವಾಸಿ ಕನ್ನಡಿಗರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಊರು ಮತ್ತು ನೀರು

ಪಾವಗಡ ತುಮಕೂರು ಜಿಲ್ಲೆಯ ತಾಲ್ಲೂಕು, ಆದರೆ ಮೂರು ಕಡೆ ಆಂಧ್ರ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಬೆಳೆ ಅಂದರೆ ಮುಖ್ಯವಾಗಿ ಕಡಲೆಕಾಯಿ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಹುಪಾಲು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಸುರಿದು ಮುಗಿಯುತ್ತದೆ. ಆಗ ಕುಡಿಯೋದಕ್ಕೆ ಬೋರ್‌ವೆಲ್ಲೇ ಗತಿಯಾಗಿತ್ತು. ಬೋರು ಆಳಕ್ಕೆ ಹೋದಷ್ಟೂ ಗ್ರಾನೈಟ್ ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಸಿಗುತ್ತದೆ. ಕಲ್ಲಿನ ಫ್ಲೋರೈಡ್ ಆ ನೀರಿಗೆ ಇಳಿದಿರುತ್ತದೆ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಭಾರತೀಯ ಮಾನಕ ಇನ್ನೂ ಬಿಗಿ: 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ ಮಾತ್ರ 1.5ರವರೆಗೆ ನಡೆಯುತ್ತದೆ. ಈ ಹಳ್ಳಿಯ ಬೋರಿನ ನೀರು ಆ ಮಿತಿಯ ದುಪ್ಪಟ್ಟಿಗಿಂತ ಜಾಸ್ತಿ ಇತ್ತು. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ವಯಸ್ಸಾದವರಿಗೆ ಬೆನ್ನು ಬಗ್ಗಿಸಲಾಗದ ನೋವು. ಕಾಯಿಸಿದರೆ ಸರಿಹೋಗುತ್ತೆ ಅಂತ ತುಂಬಾ ಜನ ನಂಬಿದ್ದರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯೇ ಆಗುತ್ತದೆ.

2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಅಡಿ ಊರಿಗೆ ನಲ್ಲಿ ಬಂದಿತ್ತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನೋದು ಆ ಯೋಜನೆಯ ಲೆಕ್ಕ. ಆದರೆ ನಲ್ಲಿಗೆ ನೀರು ಬರುತ್ತಿದ್ದದ್ದು ಅದೇ ಬೋರಿನಿಂದ. ಹೆಂಗಸರಿಗೆ ಬಿಂದಿಗೆ ಹೊರುವ ಕಷ್ಟ ಕಮ್ಮಿಯಾಯಿತು, ಫ್ಲೋರೈಡ್ ಮಾತ್ರ ಬಾಗಿಲವರೆಗೂ ಬಂತು.

ತಂಡ ಬರುವ ಮುಂಚೆ

ತಂಡದಲ್ಲಿ ಅರ್ಧ ಜನ ಹೊರದೇಶದಲ್ಲೇ ನೆಲೆಸಿದ ಕನ್ನಡಿಗರು, ಇನ್ನರ್ಧ ಅವರ ಸಹೋದ್ಯೋಗಿಗಳು, ಸ್ನೇಹಿತರು. ಒಬ್ಬ ಸಿವಿಲ್ ಇಂಜಿನಿಯರ್, ಒಬ್ಬ ದಂತವೈದ್ಯೆ, ಒಬ್ಬ ನಿವೃತ್ತ ಲೆಕ್ಕಪರಿಶೋಧಕ, ಕಾಲೇಜು ಓದುವ ಇಬ್ಬರು ಮಕ್ಕಳು ಹೀಗೆ. ರಾಜ್ಯೋತ್ಸವದ ಊಟದಲ್ಲಿ ಹಣ ಕೂಡಿಸಿದ್ದರು. ಜನವರಿಯಲ್ಲಿ ಬಂದು ಒಂದು ವಾರ ಇದ್ದು, ಯೋಜನೆ ಅಂತಿಮ ಮಾಡಿ ಹೋಗುವುದು ಅವರ ಲೆಕ್ಕಾಚಾರ.

'ಯೋಜನೆ ಅಂತಿಮ ಮಾಡಲು' ಅಂತ ಮಿಂಚಂಚೆಯಲ್ಲಿ ಬರೆದಿದ್ದರೂ ಯೋಜನೆ ಆಗಲೇ ತೀರ್ಮಾನವಾಗಿತ್ತು. ಒಂದು ಶುದ್ಧ ಕುಡಿಯುವ ನೀರಿನ ಘಟಕ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತದಲ್ಲ, ನೀರನ್ನು ಒತ್ತಡದಲ್ಲಿ ಸೋಸುವ ಅದೇ ಆರ್‌ಓ ಯಂತ್ರ. ಕಂಪನಿಯೊಂದರಿಂದ ದರಪಟ್ಟಿ ತರಿಸಿದ್ದರು. ಗೋಡೆಗೆ ಹಾಕುವ ಫಲಕದ ವಿನ್ಯಾಸವನ್ನೂ ನನಗೆ ಕಳಿಸಿ, ಕನ್ನಡದಲ್ಲಿ ಅಕ್ಷರ ತಪ್ಪಿದ್ದರೆ ತಿದ್ದಿ ಅಂದಿದ್ದರು. ನೀರಿನ ಪರೀಕ್ಷಾ ವರದಿ ಕೇಳುವ ಮುಂಚೆಯೇ ಫಲಕ ಬಂದಿತ್ತು. ಅವರನ್ನು ಆಡಿಕೊಳ್ಳೋಕೆ ಹೇಳುತ್ತಿಲ್ಲ. ದೂರದಲ್ಲಿ ಕೂತು ಹಣ ಕೂಡಿಸುವವರಿಗೆ ತೋರಿಸಲು ಒಂದು ವಸ್ತು ಬೇಕೇ ಬೇಕು. 'ಊರಿಗೆ ಹೋಗಿ ವಿಚಾರಿಸುತ್ತೇವೆ' ಅಂದರೆ ಊಟದ ಮೇಜಿನಲ್ಲಿ ಯಾರೂ ಚೆಕ್ ಬರೆಯುವುದಿಲ್ಲ.

ನಾವು ಒಂದೇ ಒಂದು ಷರತ್ತು ಇಟ್ಟೆವು. ಈ ಭೇಟಿಯಲ್ಲಿ ಯಾರೂ ಊರಿನವರ ಮುಂದೆ ಏನನ್ನೂ 'ಕೊಡುತ್ತೇವೆ' ಅನ್ನಬಾರದು. ಮೊದಲು ಮುಖ ಸಿಂಡರಿಸಿದರು, ಆಮೇಲೆ ಒಪ್ಪಿದರು. ಮುಂದೆ ಇದೇ ಷರತ್ತು ಇಡೀ ಕೆಲಸವನ್ನು ಉಳಿಸಿತು.

ಅರಳಿಕಟ್ಟೆಯ ಸಭೆ

ಬೆಂಗಳೂರಿನಿಂದ ಬರುವ ದಾರಿಯಲ್ಲಿ ತಿರುಮಣಿ ಕಡೆಯ ಸೋಲಾರ್ ಪಾರ್ಕ್ ತೋರಿಸಿದೆವು. ಸುಮಾರು 13,000 ಎಕರೆ, 2,050 ಮೆಗಾವಾಟ್. ಕಣ್ಣು ಹಾಯಿಸಿದಷ್ಟೂ ಸೋಲಾರ್ ಪ್ಯಾನಲ್‌ಗಳೇ. ಇಷ್ಟು ವಿದ್ಯುತ್ ಇದೆಯಲ್ಲ, ಇದರಲ್ಲೇ ನೀರಿನ ಘಟಕ ಓಡಿಸಬಹುದಲ್ಲ ಅಂತ ಕಾಲೇಜು ಹುಡುಗ ಕೇಳಿದ. ಡ್ರೈವರ್ ನಕ್ಕು, "ಅದು ಇಲ್ಲಿಂದ ಹೋಗೋ ಕರೆಂಟು ಸಾರ್. ಊರಿಗೆ ಬರೋ ಲೈನೇ ಬೇರೆ" ಅಂದ. ಗ್ರಿಡ್ಡಿಗೆ ಹೋಗುವ ವಿದ್ಯುತ್ತಿನ ವಿಷಯವನ್ನು ಅವನಷ್ಟು ಚುಟುಕಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಊರಲ್ಲಿ ಹಾರ, ಶಾಲು, ಪೇಟ ಎಲ್ಲ ಆಯಿತು. ಅರಳಿಕಟ್ಟೆ ಮುಂದೆ ಸಭೆ. ಪಂಚಾಯಿತಿ ಸದಸ್ಯರು, ಹಾಲಿನ ಡೇರಿ ಕಾರ್ಯದರ್ಶಿ, ಮುಖ್ಯೋಪಾಧ್ಯಾಯರು ಮುಂದೆ. ಹೆಂಗಸರು ಹಿಂದೆ ನಿಂತಿದ್ದರು. ಇಂಜಿನಿಯರ್ ಕೇಳಿದ ಪ್ರಶ್ನೆ, "ನಿಮಗೆ ಏನು ಬೇಕು?" ಮುಂದಿನ ಸಾಲಿನವರು ಒಂದೇ ದನಿಯಲ್ಲಿ, "ಫಿಲ್ಟರ್ ನೀರು ಬೇಕು ಸಾರ್" ಅಂದರು. ತಂಡದವರ ಮುಖ ಅರಳಿತು. ದರಪಟ್ಟಿ, ಫಲಕ, ಜನರ ಬೇಡಿಕೆ ಎಲ್ಲ ಒಂದಕ್ಕೊಂದು ತಾಳೆ ಬಿದ್ದಿದ್ದವು.

ಇಂಥ ಸಭೆಯಿಂದ ಸಿಗುವ ಉತ್ತರಕ್ಕೆ ಬೆಲೆ ಕಮ್ಮಿ ಅನ್ನೋದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಬಂದವರು ಏನು ತಂದಿದ್ದಾರೆ ಅಂತ ಊರಿಗೆ ಮೊದಲೇ ತಿಳಿದಿರುತ್ತದೆ. ತಂದದ್ದನ್ನೇ ಕೇಳುವುದು ಮರ್ಯಾದೆ. ಬೇಡ ಅಂದರೆ ಮತ್ತೆ ಈ ಕಡೆ ತಿರುಗಿ ನೋಡುತ್ತಾರೋ ಇಲ್ಲವೋ. ಆದರೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾವ ತಂಡವೂ ನಂಬುವುದಿಲ್ಲ. ಹಾಗಾಗಿ ಮರುದಿನ ಬೆಳಗ್ಗೆ ಐದೂವರೆಗೆ ನೀರು ಹಿಡಿಯುವ ಹೊತ್ತಿನಲ್ಲಿ ಬನ್ನಿ ಅಂತ ಮಾತ್ರ ಹೇಳಿದೆ.

ಬೀಗ ಹಾಕಿದ ಘಟಕ

ಬೆಳಗ್ಗೆ ಒಬ್ಬ ಹುಡುಗ ಬೈಕಿನ ಎರಡೂ ಬದಿ ಖಾಲಿ ಕ್ಯಾನ್ ಕಟ್ಟಿಕೊಂಡು ಹೊರಟಿದ್ದ. ಎಲ್ಲಿಗಪ್ಪ ಅಂದರೆ, ಪಕ್ಕದೂರಿಗೆ, ಫಿಲ್ಟರ್ ನೀರಿಗೆ. ಅಲ್ಲಿಗೇ ಯಾಕೆ? "ನಮ್ಮೂರಿಂದು ಕೆಟ್ಟು ಬಿದ್ದಿದೆಯಲ್ಲಣ್ಣ." ದಂತವೈದ್ಯೆಗೆ ಕನ್ನಡ ಬರುತ್ತಿತ್ತು. ಅವರು ಅಲ್ಲೇ ನಿಂತುಬಿಟ್ಟರು. ನಿಮ್ಮೂರಿನದು ಅಂದರೆ?

ಹುಡುಗ ತೋರಿಸಿದ. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಸಣ್ಣ ಕಟ್ಟಡ, ರೋಲಿಂಗ್ ಶಟರ್‌ಗೆ ಬೀಗ, ಬಾಗಿಲ ಮುಂದೆ ಕಡಲೆಕಾಯಿ ಸೊಪ್ಪಿನ ಬಣವೆ. ಸರ್ಕಾರದ ಹಣದಲ್ಲಿ ಕಟ್ಟಿದ ಘಟಕ. ಕಟ್ಟಿದ ಏಜೆನ್ಸಿಯೇ ಐದು ವರ್ಷ ನಡೆಸಿತ್ತು. ಕರಾರು ಮುಗಿದ ಮೇಲೆ ಪಂಚಾಯಿತಿಗೆ ಒಪ್ಪಿಸಿತ್ತು. ಅಲ್ಲಿಂದ ಮುಂದೆ ಅದು ಯಾರದೂ ಅಲ್ಲ.

ಹಿಂದಿನ ದಿನದ ಸಭೆಯಲ್ಲಿ ಇದನ್ನು ಯಾರೂ ಯಾಕೆ ಹೇಳಲಿಲ್ಲ ಅಂತ ತಂಡದವರಿಗೆ ಬೇಸರ. ಮೋಸ ಹೋದೆವು ಅನ್ನುವಷ್ಟು ಬೇಸರ. ಡೇರಿ ಕಾರ್ಯದರ್ಶಿಯನ್ನು ಕೇಳಿದಾಗ ಅವರು ಮುಜುಗರ ಪಡಲೇ ಇಲ್ಲ. "ಅದು ಪಂಚಾಯ್ತಿದು ಸಾರ್. ನೀವು ಕೊಡೋದು ಊರಿಂದು" ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಫಿಲ್ಟರ್ ನೀರು ಬೇಕಿದ್ದದ್ದು ನಿಜ. ಹಳೆಯದಕ್ಕೆ ಏನಾಯಿತು ಅಂತ ಯಾರೂ ಕೇಳಿರಲಿಲ್ಲ, ಅಷ್ಟೆ.

ಪ್ರಕರಣದ ಮೊದಲ ತಿರುವು ಇದು. ಮೆಕ್ಯಾನಿಕ್ ಒಬ್ಬರನ್ನು ಪಾವಗಡದಿಂದ ಕರೆಸಿ ಶಟರ್ ತೆಗೆಸಿದೆವು. ಹೈ ಪ್ರೆಷರ್ ಪಂಪು ಸುಟ್ಟಿತ್ತು. ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್, ಕಟ್ಟಿಕೊಂಡಿತ್ತು. ಕರೆಂಟ್ ಬಿಲ್ ಬಾಕಿ ಇತ್ತು. ಕಟ್ಟಡ, ಟ್ಯಾಂಕ್, ನಾಣ್ಯದ ಪೆಟ್ಟಿಗೆ ಗಟ್ಟಿಯಾಗಿದ್ದವು. ಹೊಸ ಘಟಕಕ್ಕೆ ಬೇಕಾದ ಹಣದ ಒಂದು ಸಣ್ಣ ಪಾಲಿನಲ್ಲಿ ಇದನ್ನು ಮತ್ತೆ ಓಡಿಸಬಹುದು ಅಂದರು ಮೆಕ್ಯಾನಿಕ್. ಆಮೇಲೆ ಬೀಡಿ ಹಚ್ಚುತ್ತಾ, "ಓಡಿಸೋದು ಸುಲಭ ಸಾರ್, ಓಡಿಸ್ತಾ ಇರೋದು ಕಷ್ಟ" ಅಂತ ಸೇರಿಸಿದರು.

ಲೆಕ್ಕಪರಿಶೋಧಕರು ಅವತ್ತು ಮಧ್ಯಾಹ್ನ ಹಳೆಯ ಆಪರೇಟರ್ ಜೊತೆ ಕೂತು ಲೆಕ್ಕ ಹಾಕಿದರು. ದಿನಕ್ಕೆ ನೂರು ಕ್ಯಾನ್ ಹೋದರೆ ಐನೂರು ರೂಪಾಯಿ, ತಿಂಗಳಿಗೆ ಹದಿನೈದು ಸಾವಿರ. ಆಪರೇಟರ್ ಸಂಬಳ, ಕರೆಂಟು, ಫಿಲ್ಟರ್ ಕಾರ್ಟ್ರಿಜ್, ಮೆಂಬ್ರೇನ್ ಕಟ್ಟದಂತೆ ಹಾಕುವ ಔಷಧಿ ಎಲ್ಲ ಕಳೆದರೆ ಕೈಗೆ ಹತ್ತುವುದು ಅಷ್ಟಕ್ಕಷ್ಟೇ. ಮೆಂಬ್ರೇನ್ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಅದಕ್ಕೆ ಅಂತ ಯಾರೂ ಒಂದು ರೂಪಾಯಿ ತೆಗೆದಿಟ್ಟಿರಲಿಲ್ಲ. ತೆಗೆದಿಡಲು ಖಾತೆಯೇ ಇರಲಿಲ್ಲ. ನಾಣ್ಯಗಳು ಪೆಟ್ಟಿಗೆಯಿಂದ ಕೈಗೆ, ಕೈಯಿಂದ ಖರ್ಚಿಗೆ ಹೋಗುತ್ತಿದ್ದವು.

ಯಂತ್ರ ಕೆಟ್ಟಿದ್ದರಿಂದ ಘಟಕ ಮುಚ್ಚಿತು ಅಂತ ಎಲ್ಲರೂ ಹೇಳುತ್ತಿದ್ದರು. ಅಸಲಿಗೆ, ರಿಪೇರಿಗೆ ದುಡ್ಡು ಕೂಡಿಡುವ ಏರ್ಪಾಡು ಇಲ್ಲದ್ದರಿಂದ ಮುಚ್ಚಿತು. ಹೊಸದು ತಂದು ಪಕ್ಕದಲ್ಲಿ ಇಟ್ಟಿದ್ದರೂ ಕೆಲವೇ ವರ್ಷದಲ್ಲಿ ಎರಡು ಶಟರ್‌ಗೆ ಬೀಗ ಬೀಳುತ್ತಿತ್ತು.

ಅಡುಗೆಗೆ ಯಾವ ನೀರು?

ಎರಡನೇ ತಿರುವು ಬಂದದ್ದು ಒಂದು ಅಡುಗೆಮನೆಯಲ್ಲಿ. ದಂತವೈದ್ಯೆ ಮತ್ತು ಕಾಲೇಜು ಹುಡುಗಿ ಆಶಾ ಕಾರ್ಯಕರ್ತೆಯ ಜೊತೆ ಕಾಲೋನಿಯ ಮನೆಗಳಿಗೆ ಹೋದರು. ಈ ಕಾಲೋನಿ ಊರಿನ ದಲಿತರ ಕೇರಿ, ಮುಖ್ಯ ಊರಿನಿಂದ ರಸ್ತೆ ದಾಟಿ ಆಚೆ. ಹಿಂದಿನ ದಿನದ ಸಭೆಗೆ ಅಲ್ಲಿಂದ ಬಂದವರು ಇಬ್ಬರೋ ಮೂವರೋ, ಅವರೂ ಮಾತಾಡಿರಲಿಲ್ಲ.

ಒಬ್ಬ ಅಜ್ಜಿ ಮುದ್ದೆಗೆ ಎಸರಿಟ್ಟಿದ್ದರು. ಇದು ಯಾವ ನೀರಮ್ಮ ಅಂತ ಕೇಳಿದಾಗ, "ನಲ್ಲೀದು ತಾಯಿ. ಕುಡಿಯಕ್ಕೆ ಮಾತ್ರ ಫಿಲ್ಟರ್ ನೀರು, ಅಡುಗೆಗೆಲ್ಲ ಅದನ್ನ ಹಾಕಕ್ಕಾಗ್ತದಾ?" ಅಂದರು. ಮನೆಮನೆಯಲ್ಲೂ ಇದೇ ಉತ್ತರ. ಮೇಲಿನ ಬೀದಿಯವರೂ ಬೇರೆ ಹೇಳಲಿಲ್ಲ. ಮುದ್ದೆ, ಅನ್ನ, ಸಾರು, ಟೀ ಎಲ್ಲಕ್ಕೂ ಬೋರಿನ ನೀರು. ಘಟಕ ಓಡುತ್ತಿದ್ದ ಕಾಲದಲ್ಲೂ ಫ್ಲೋರೈಡ್ ಹೊಟ್ಟೆಗೆ ಹೋಗುತ್ತಲೇ ಇತ್ತು. ಇಪ್ಪತ್ತು ಲೀಟರಿನ ಒಂದು ಕ್ಯಾನು ಐದು ಜನರ ಮನೆಗೆ ಕುಡಿಯೋದಕ್ಕೆ ಸಾಕು, ಕುಡಿಯೋದಕ್ಕೂ ಅಡುಗೆಗೂ ಸಾಲದು.

ಇನ್ನೊಂದು ವಿಷಯ ಹೇಳಲು ಅಜ್ಜಿ ಸ್ವಲ್ಪ ಹಿಂಜರಿದರು. ಘಟಕ ಇದ್ದದ್ದು ಮೇಲಿನ ಬೀದಿಯಲ್ಲಿ. ತೆಗೆಯುತ್ತಿದ್ದದ್ದು ಬೆಳಗ್ಗೆ ಏಳರಿಂದ ಒಂಬತ್ತು. ಕೂಲಿಗೆ ಹೋಗುವವರು ಅಷ್ಟು ಹೊತ್ತಿಗೆ ಊರು ಬಿಟ್ಟಿರುತ್ತಾರೆ. ಹೋದರೂ ಎಲ್ಲರದ್ದೂ ಆಗುವವರೆಗೆ ಪಕ್ಕಕ್ಕೆ ನಿಲ್ಲಬೇಕು. "ನಿಂತ್ಕೊಳ್ಳಕ್ಕಿಂತ ನಲ್ಲಿ ನೀರೇ ವಾಸಿ ಅನ್ಸಿಬಿಡ್ತು" ಅಂದರು. ಅರಳಿಕಟ್ಟೆಯಲ್ಲಿ 'ಊರಿಗೆ ಫಿಲ್ಟರ್ ನೀರು ಬೇಕು' ಅಂದಾಗ ಆ ಊರಿನಲ್ಲಿ ಕಾಲೋನಿ ಇರಲಿಲ್ಲ.

ದಂತವೈದ್ಯೆಯ ಸೂಟ್‌ಕೇಸಿನ ವಿಷಯವನ್ನೂ ಹೇಳಬೇಕು. ಶಾಲೆಯ ಮಕ್ಕಳಿಗೆ ಅಂತ ನೂರಾರು ಟೂತ್‌ಪೇಸ್ಟ್ ಟ್ಯೂಬ್ ತಂದಿದ್ದರು. ಹಂಚುವ ಹಿಂದಿನ ರಾತ್ರಿ ಅವರೇ ಟ್ಯೂಬ್ ತಿರುಗಿಸಿ ಓದಿ, ಎಲ್ಲವನ್ನೂ ಮತ್ತೆ ಒಳಗಿಟ್ಟರು. ಎಲ್ಲವೂ ಫ್ಲೋರೈಡ್ ಇರುವ ಪೇಸ್ಟು. ಅವರ ದೇಶದಲ್ಲಿ ಹುಳುಕು ತಡೆಯಲು ಅದೇ ಒಳ್ಳೆಯದು. ಇಲ್ಲಿ ನೀರಿನಲ್ಲೇ ಮಿತಿ ಮೀರಿದೆ, ಸಣ್ಣ ಮಕ್ಕಳು ಪೇಸ್ಟು ಉಗಿಯುವ ಬದಲು ನುಂಗುತ್ತಾರೆ. ಆ ರಾತ್ರಿ ಅವರು ತಂಡಕ್ಕೆ ಇನ್ನೊಂದು ಮಾತು ಹೇಳಿದರು. ಹಲ್ಲಿನ ಕಂದು ಗೆರೆ ಹುಟ್ಟುವುದು ದವಡೆಯೊಳಗೆ ಹಲ್ಲು ಬೆಳೆಯುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ. ಒಮ್ಮೆ ಬಂದದ್ದು ನೀರು ಬದಲಾದರೂ ಹೋಗುವುದಿಲ್ಲ. ಹಾಗಾದರೆ ಮೊದಲು ಸುರಕ್ಷಿತ ನೀರು ಸಿಗಬೇಕಾದದ್ದು ಯಾರಿಗೆ? ಅಂಗನವಾಡಿಯ ಮಕ್ಕಳಿಗೆ, ಎಳೆ ಮಕ್ಕಳಿರುವ ಮನೆಗಳಿಗೆ. ಅವತ್ತಿನವರೆಗೆ ನಮ್ಮ ಮಾತೆಲ್ಲ 'ಊರಿಗೆ' ಅಂತ ಇತ್ತು. ಅಲ್ಲಿಂದ 'ಯಾವ ಮನೆಗೆ ಮೊದಲು' ಅಂತ ಆಯಿತು.

ಲಾಡ್ಜಿನ ರಾತ್ರಿ

ಪಾವಗಡದ ಲಾಡ್ಜಿನ ಕೋಣೆಯೊಂದರಲ್ಲಿ ತಂಡ ಎರಡಾಯಿತು. ಒಂದು ಗುಂಪು ಹೊಸ ಘಟಕವನ್ನೇ ಕಾಲೋನಿಯಲ್ಲಿ ಕಟ್ಟೋಣ ಅಂದಿತು. ದಾನಿಗಳಿಗೆ ಹೇಳಿದ್ದನ್ನು ಮಾಡಿದ ಹಾಗೂ ಆಯಿತು, ಕಾಲೋನಿಗೂ ನೀರಾಯಿತು. ಇನ್ನೊಂದು ಗುಂಪು ಹಳೆಯದನ್ನು ಸರಿಮಾಡಿ, ಉಳಿದ ಹಣವನ್ನು ಮಳೆನೀರಿಗೆ ಹಾಕೋಣ ಅಂದಿತು. ದನಿ ಏರಿತು.

ಮಳೆನೀರಿನ ಲೆಕ್ಕ ಇಂಜಿನಿಯರ್ ಹಾಕಿದರು. 30 ಚದರ ಮೀಟರ್ ಮಾಳಿಗೆಯ ಮೇಲೆ 500 ಮಿಲಿಮೀಟರ್ ಮಳೆ ಬಿದ್ದರೆ 15,000 ಲೀಟರ್. ಮೊದಲ ಮಳೆಯ ಕೊಳೆ ನೀರು ಬಿಟ್ಟು, ಸೋರಿಕೆ ಕಳೆದರೂ 12,000 ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲೆಗೆ ಐದು ಲೀಟರ್ ಹಿಡಿದರೆ ದಿನಕ್ಕೆ 25. ಮಳೆ ಇಲ್ಲದ ಏಳು ತಿಂಗಳಿಗೆ 5,250 ಲೀಟರ್. ಅಂದರೆ 6,000 ಲೀಟರಿನ ಒಂದು ಸಂಪು ಸಾಕು. ಮಳೆನೀರಿನಲ್ಲಿ ಫ್ಲೋರೈಡ್ ಇರುವುದಿಲ್ಲ ಅಂದರೂ ನಡೆದೀತು. ಕರೆಂಟು ಬೇಡ, ಮೆಂಬ್ರೇನ್ ಬೇಡ. ಆರ್‌ಓ ಆದರೆ ಎತ್ತಿದ ನೀರಿನಲ್ಲಿ ದೊಡ್ಡ ಪಾಲು ಉಪ್ಪುನೀರಾಗಿ ಮೋರಿಗೆ ಹೋಗುತ್ತದೆ, ಅದೂ ಬೇಸಿಗೆಯಲ್ಲಿ ಬತ್ತುವ ಬೋರಿನಿಂದ.

ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಬರ ಬಂದರೆ? ಈ ತಾಲ್ಲೂಕಿಗೆ ಬರ ಹೊಸದೇನಲ್ಲ. ಸಂಪು ಕ್ಲೋರಿನ್ ಹಾಕಿ ತೊಳೆದು ಇಟ್ಟುಕೊಳ್ಳುವವರು ಯಾರು? ಮಾಳಿಗೆಯೇ ಇಲ್ಲದ ಶೀಟಿನ ಮನೆಗಳಿಗೆ?

ಇದರ ಮೇಲೆ ಇನ್ನೊಂದು ಪ್ರಶ್ನೆ. ತುಂಗಭದ್ರಾ ಹಿನ್ನೀರನ್ನು ಪಾವಗಡಕ್ಕೆ ತರುವ ಪೈಪಿನ ಕೆಲಸ ಆಗ ನಡೆಯುತ್ತಿತ್ತು. ರಸ್ತೆ ಬದಿ ದೊಡ್ಡ ಪೈಪುಗಳು ಬಿದ್ದಿದ್ದನ್ನು ತಂಡದವರೇ ನೋಡಿದ್ದರು. ನದಿ ನೀರು ಬಂದರೆ ಘಟಕವೂ ಬೇಡ, ಸಂಪೂ ಬೇಡ ಅಲ್ವಾ? ಸುಮ್ನೆ ಕಾಯಬಹುದಲ್ಲ ಅಂತ ಒಬ್ಬರು ಕೇಳಿದರು. ದಂತವೈದ್ಯೆ ಹೇಳಿದ ಉತ್ತರ ಗಟ್ಟಿಯಾಗಿತ್ತು. ಪೈಪು ಬರುವಷ್ಟರಲ್ಲಿ ಈಗ ಹುಟ್ಟಿದ ಮಗುವಿನ ಹಲ್ಲು ತಯಾರಾಗಿಬಿಡುತ್ತದೆ.

ಕೊನೆಗೆ ತೀರ್ಮಾನ ಮಾಡಿದ್ದು ಲೆಕ್ಕಪರಿಶೋಧಕರು. ಅವರದು ಜಾಸ್ತಿ ಮಾತಿಲ್ಲ. "ಇವತ್ತು ಏನನ್ನೂ ತೀರ್ಮಾನ ಮಾಡುವುದು ಬೇಡ. ನಾವು ನೋಡಿರುವುದು ಜನವರಿಯ ಊರು" ಅಂದರು. ಸರಿಯಾದ ಮಾತು. ಹೊರದೇಶದ ತಂಡಗಳು ಬರುವುದು ಡಿಸೆಂಬರ್, ಜನವರಿಯಲ್ಲಿ. ರಜೆ ಸಿಗುತ್ತದೆ, ಹವೆ ತಂಪಾಗಿರುತ್ತದೆ. ಮಳೆ ಮುಗಿದು ಬೋರಿನಲ್ಲಿ ಇನ್ನೂ ನೀರಿರುವ ಕಾಲ ಅದು. ಊರಿನ ನಿಜವಾದ ಕಷ್ಟ ಏಪ್ರಿಲ್, ಮೇ ತಿಂಗಳಲ್ಲಿ.

ಮೇ ತಿಂಗಳಲ್ಲಿ ನಾವು ಮತ್ತೆ ನೀರಿನ ಪರೀಕ್ಷೆ ಮಾಡಿಸಿ, ಮನೆಮನೆಯ ವಿವರ ಕಳಿಸಬೇಕು. ಆಮೇಲೆ ತೀರ್ಮಾನ. ಹಾಗೆ ಒಪ್ಪಂದ ಆಯಿತು. ಭೇಟಿಯ ಕೊನೆಯ ದಿನ ಪಂಚಾಯಿತಿ ಸದಸ್ಯರು, "ಹಾಗಾದ್ರೆ ಯಾವಾಗ ಭೂಮಿಪೂಜೆ?" ಅಂತ ಕೇಳಿದಾಗ ತಂಡದವರಿಗೆ ಉತ್ತರ ಕೊಡುವುದು ಕಷ್ಟವಾಯಿತು. ಆದರೆ ಯಾರೂ ಮಾತು ಕೊಟ್ಟಿರಲಿಲ್ಲ. ಹಾಗಾಗಿ ಮಾತು ತಪ್ಪಿದ ಹಾಗೂ ಆಗಲಿಲ್ಲ.

ದುಡ್ಡು ಬರುವ ದಾರಿ

ಈ ಭಾಗ ಒಣ ಅನಿಸಬಹುದು, ಆದರೆ ತುಂಬಾ ಯೋಜನೆಗಳು ಮುಗ್ಗರಿಸುವುದು ಇಲ್ಲೇ. ವಿದೇಶದ ದೇಣಿಗೆ ಪಡೆಯಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. ನಮ್ಮ ಟ್ರಸ್ಟಿಗೆ ಅದು ಇರಲಿಲ್ಲ. ಬೆಂಗಳೂರಿನ ಒಂದು ದೊಡ್ಡ ಸಂಸ್ಥೆ ಹಣ ಪಡೆದು ನಮಗೆ ಕೊಡಲಿ ಅಂತ ತಂಡ ಯೋಚಿಸಿತ್ತು. 2020ರ ತಿದ್ದುಪಡಿ ಬಂದ ಮೇಲೆ ಅದು ಆಗುವುದಿಲ್ಲ. ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆಡಳಿತದ ಖರ್ಚಿಗೂ ಶೇ. 20ರ ಮಿತಿ ಇದೆ. ತಂಡದ ಒಬ್ಬರು ಹೊರಡುವ ಮುಂಚೆ ಸ್ತ್ರೀಶಕ್ತಿ ಸಂಘಕ್ಕೆ ಕೈಯಲ್ಲೇ ದುಡ್ಡು ಕೊಟ್ಟು ಹೋಗುತ್ತೇನೆ ಅಂದಾಗ ತಡೆಯಬೇಕಾಯಿತು. ಒಳ್ಳೆ ಮನಸ್ಸಿನಿಂದ ಕೊಟ್ಟದ್ದು ಸಂಘದ ಹೆಂಗಸರ ಕುತ್ತಿಗೆಗೆ ಬರುತ್ತಿತ್ತು.

ಅನಿವಾಸಿ ಕನ್ನಡಿಗರಿಗೆ ಗೊತ್ತಿರಬೇಕಾದ ಒಂದು ವ್ಯತ್ಯಾಸ ಇಲ್ಲಿದೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ಹೊರಗೆ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟ ಹಣ ವಿದೇಶಿ ದೇಣಿಗೆ ಅನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಸರಿ, ಕೊಟ್ಟದ್ದು ವಿದೇಶಿ ದೇಣಿಗೆಯೇ. ಒಂದೇ ಮನೆಯಲ್ಲಿ ಗಂಡನ ದುಡ್ಡು ಒಂದು ದಾರಿ, ಹೆಂಡತಿಯ ದುಡ್ಡು ಇನ್ನೊಂದು ದಾರಿ ಆಗುವುದುಂಟು. ಈ ತಂಡದಲ್ಲೂ ಹಾಗೇ ಆಯಿತು. ಕೊನೆಗೆ ಕೆಲಸವನ್ನೇ ಎರಡು ಭಾಗ ಮಾಡಿದೆವು. ಸಂಪುಗಳನ್ನು ನೋಂದಣಿ ಇರುವ ಸಂಸ್ಥೆ ತಾನೇ ನೇರವಾಗಿ ಕಟ್ಟಿಸುವುದು. ಹಳೆಯ ಘಟಕದ ದುರಸ್ತಿ ಮತ್ತು ತರಬೇತಿಯನ್ನು ಭಾರತೀಯ ಪಾಸ್‌ಪೋರ್ಟಿನವರ ದೇಣಿಗೆಯಲ್ಲಿ ನಮ್ಮ ಟ್ರಸ್ಟ್ ನೋಡುವುದು.

ಆಮೇಲೆ ಏನಾಯಿತು

ಮೇ ತಿಂಗಳ ಪರೀಕ್ಷೆಯಲ್ಲಿ ಬೋರಿನ ನೀರು ಜನವರಿಗಿಂತ ಕೆಟ್ಟಿತ್ತು. ಆ ವರದಿ ನೋಡಿದ ಮೇಲೆ ಹೊಸ ಘಟಕದ ಗುಂಪು ಸುಮ್ಮನಾಯಿತು. ಒಬ್ಬ ದೊಡ್ಡ ದಾನಿ ಮಾತ್ರ, ರಿಪೇರಿಗೆಲ್ಲ ನಾನು ಕೊಡುವುದಿಲ್ಲ ಅಂತ ಹಿಂದೆ ಸರಿದರು. ಬಜೆಟ್ ಕುಗ್ಗಿತು. ಕುಗ್ಗಿದ್ದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ, ತಂಡದವರು ಒಪ್ಪಲಿಕ್ಕಿಲ್ಲ.

ಘಟಕ ನಡೆಸುವ ಹೊಣೆಯನ್ನು ಒಂದು ಸ್ತ್ರೀಶಕ್ತಿ ಸಂಘಕ್ಕೆ ಕೊಡುವಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಲು ತಿಂಗಳುಗಳೇ ಹಿಡಿದವು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ವರ್ಗವಾದರು. ಹೊಸಬರಿಗೆ ಮೊದಲಿಂದ ಹೇಳಬೇಕಾಯಿತು. ಸಂಘದವರು ಸುಲಭಕ್ಕೆ ಒಪ್ಪಲಿಲ್ಲ. ಸಂಘದ ಅಧ್ಯಕ್ಷೆ ಕೇಳಿದ್ದು, "ಹಳೇ ಕರೆಂಟ್ ಬಿಲ್ಲು ಯಾರು ಕಟ್ತಾರೆ? ಅದು ಕಟ್ಟೋವರೆಗೂ ಬೀಗದ ಕೈ ನಮಗೆ ಬೇಡ." ಬಾಕಿಯನ್ನು ಪಂಚಾಯಿತಿ ಕಟ್ಟಿತು. ಸಂಘ ಇನ್ನೆರಡು ವಿಷಯ ಬರೆಸಿಕೊಂಡಿತು: ಸಂಜೆ ಹೊತ್ತೂ ಘಟಕ ತೆಗೆಯಬೇಕು, ಪ್ರತಿ ಕ್ಯಾನಿನ ಒಂದು ರೂಪಾಯಿ ಬ್ಯಾಂಕಿನ ಬೇರೆ ಖಾತೆಗೆ ಹೋಗಬೇಕು. ಇಬ್ಬರು ಆಪರೇಟರ್‌ಗಳಲ್ಲಿ ಒಬ್ಬಾಕೆ ಕಾಲೋನಿಯವಳು. ಇದಕ್ಕೆ ಗೊಣಗಾಟ ಇತ್ತು. ಮೇಲಿನ ಬೀದಿಯ ಕೆಲವರು ಸ್ವಲ್ಪ ದಿನ ಪಕ್ಕದೂರಿಗೇ ಬೈಕು ಓಡಿಸಿದರು. ಬೇಸಿಗೆ ಬಂದು ಪಕ್ಕದೂರಿನ ಘಟಕವೂ ಕೈಕೊಟ್ಟಾಗ ಕ್ಯಾನು ತಂದು ಸಾಲಿಗೆ ನಿಂತರು.

ಸಂಪುಗಳ ಕಥೆ ಇಷ್ಟು ಚೆನ್ನಾಗಿಲ್ಲ. ಎಳೆ ಮಕ್ಕಳಿರುವ ಮಾಳಿಗೆ ಮನೆಗಳಲ್ಲಿ ಕಟ್ಟಿದವು ಬಹುಪಾಲು ಕೆಲಸ ಮಾಡುತ್ತಿವೆ. ಮುದ್ದೆ, ಸಾರಿಗೆ ಮಳೆನೀರು ಹಾಕುವವರು ಬೇಳೆ ಬೇಗ ಬೇಯುತ್ತದೆ ಅನ್ನುತ್ತಾರೆ. ಫ್ಲೋರೈಡ್ ಬಗ್ಗೆ ನಾವು ಮಾಡಿದ ಭಾಷಣಕ್ಕಿಂತ ಆ ಬೇಳೆಯೇ ಜಾಸ್ತಿ ಜನರನ್ನು ಒಪ್ಪಿಸಿತು. ಆದರೆ ಕೆಲವು ಮನೆಯವರು ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಸಂಪು ಮುಚ್ಚಳ ತೆರೆದೇ ಬಿದ್ದು ಹಾಳಾಯಿತು.

ಪೂರ್ತಿ ಸೋತದ್ದು ಕಾಲೋನಿಯ ಸಾಮೂಹಿಕ ಟ್ಯಾಂಕು. ಶೀಟಿನ ಮನೆಗಳೇ ಜಾಸ್ತಿ ಇದ್ದದ್ದರಿಂದ ಅಂಗನವಾಡಿ ಕಟ್ಟಡದ ಮಾಳಿಗೆ ನೀರನ್ನು ದೊಡ್ಡ ಟ್ಯಾಂಕಿಗೆ ತುಂಬಿ ಹಂಚುವುದು ಅಂತ ಮಾಡಿದ್ದೆವು. ಯಾರಿಗೆ ಎಷ್ಟು ಅನ್ನುವ ಜಗಳ ಮೊದಲ ತಿಂಗಳಲ್ಲೇ ಶುರುವಾಯಿತು. ಮದುವೆಯೊಂದಕ್ಕೆ ಯಾರೋ ರಾತ್ರಿ ಟ್ಯಾಂಕ್ ಖಾಲಿ ಮಾಡಿದರು. ಬೀಗ ಹಾಕಿದರು, ಬೀಗ ಒಡೆದರು. ಈಗ ಆ ನೀರನ್ನು ಅಂಗನವಾಡಿಯ ಅಡುಗೆಗೆ ಮಾತ್ರ ಬಳಸುತ್ತಾರೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಮೊದಲು ಅನ್ನುವ ಲೆಕ್ಕದಲ್ಲಿ ಅದು ತಪ್ಪು ಬಳಕೆ ಅಲ್ಲ. ಕಾಲೋನಿಯ ಮನೆಗಳಿಗೆ ಬದಲಿಯಾಗಿ ಸಂಘವು ಸಂಜೆಯ ಹೊತ್ತು ಎರಡನೇ ಕ್ಯಾನನ್ನು ಅರ್ಧ ದರಕ್ಕೆ ಕೊಡಲು ಶುರುಮಾಡಿತು. ಅಡುಗೆಗೂ ಫಿಲ್ಟರ್ ನೀರು ಹೋಗಲಿ ಅಂತ. ಇದನ್ನು ಯೋಚಿಸಿದ್ದು ಸಂಘದ ಹೆಂಗಸರೇ. ತಂಡದ ಯಾವ ಕಾಗದದಲ್ಲೂ ಇರಲಿಲ್ಲ, ನಮ್ಮದರಲ್ಲೂ ಇರಲಿಲ್ಲ.

ಇಂಥ ಭೇಟಿ ಮಾಡಿಸುವವರಿಗೆ

ನಾವು ಈಗ ತಂಡಗಳಿಗೆ ಊರು ತೋರಿಸುವ ರೀತಿಯೇ ಬದಲಾಗಿದೆ. ಮೊದಲ ಭೇಟಿ ಅರಳಿಕಟ್ಟೆಗಲ್ಲ, ಕೆಟ್ಟು ನಿಂತ ವಸ್ತುವಿನ ಹತ್ತಿರ. ಪ್ರತಿ ಊರಲ್ಲೂ ಒಂದು ಇದ್ದೇ ಇರುತ್ತದೆ: ಬೀಗ ಬಿದ್ದ ಘಟಕ, ನೀರಿಲ್ಲದ ಶೌಚಾಲಯ, ಪೆಟ್ಟಿಗೆಯಲ್ಲೇ ಉಳಿದ ಶಾಲೆಯ ಕಂಪ್ಯೂಟರ್. ಅದನ್ನು ಯಾರು ಕೊಟ್ಟರು, ಯಾವಾಗ ನಿಂತಿತು, ನಿಂತ ದಿನ ಯಾರು ಯಾರಿಗೆ ಫೋನ್ ಮಾಡಿದರು ಅಂತ ಕೇಳಿಸುತ್ತೇವೆ. 'ಏನು ಬೇಕು' ಅನ್ನುವ ಪ್ರಶ್ನೆಗೆ ಎಲ್ಲ ಊರಲ್ಲೂ ಒಂದೇ ಥರ ಉತ್ತರ ಬರುತ್ತದೆ. ಈ ಪ್ರಶ್ನೆಗಳಿಗೆ ಹಾಗಲ್ಲ.

ಊರಿಗೆ ನೀರು ಬಿಡುವ ನೀರುಗಂಟಿ, ಆಶಾ ಕಾರ್ಯಕರ್ತೆ, ಅಂಗನವಾಡಿ ಸಹಾಯಕಿ ಈ ಮೂವರ ಜೊತೆ ಬೇರೆ ಬೇರೆಯಾಗಿ ಕೂರಿಸುತ್ತೇವೆ. ಸಭೆಯಲ್ಲಿ ಇವರು ಮಾತಾಡುವುದಿಲ್ಲ, ಮನೆಮನೆಯ ವಿಷಯ ಇವರಿಗೆ ಗೊತ್ತು. ದೇಣಿಗೆ ಕೂಡಿಸುವ ಮುಂಚೆಯೇ ದಾನಿಗಳಿಗೆ, 'ಏನನ್ನೂ ಕಟ್ಟದೆ ಬರಬಹುದು' ಅಂತ ಲಿಖಿತವಾಗಿ ತಿಳಿಸಿ ಅನ್ನುತ್ತೇವೆ. ಇದಕ್ಕೆ ಒಪ್ಪದ ತಂಡಗಳೂ ಇವೆ. ಅವರಿಗೆ ಬೇರೆ ಊರು, ಬೇರೆ ಸಂಸ್ಥೆ ಸಿಗುತ್ತದೆ, ಫಲಕವೂ ಬೀಳುತ್ತದೆ.

ತುಂಗಭದ್ರಾ ಹಿನ್ನೀರಿನ ಯೋಜನೆ 2025ರಲ್ಲಿ ಉದ್ಘಾಟನೆಯಾಯಿತು. ಈ ಊರಿಗೆ ನದಿ ನೀರು ತಪ್ಪದೆ ಬರತೊಡಗಿದರೆ ಫಿಲ್ಟರ್ ಘಟಕಕ್ಕೆ ಗಿರಾಕಿ ಉಳಿಯುವುದಿಲ್ಲ. ಬೇರೆ ಖಾತೆಯಲ್ಲಿ ಕೂಡಿಟ್ಟ ಹಣ ಮೆಂಬ್ರೇನ್‌ಗೆ ಹಾಕುವುದೋ ಬೇಡವೋ ಅಂತ ಸಂಘದಲ್ಲಿ ಈಗ ಚರ್ಚೆ ನಡೆದಿದೆ. ಒಂದು ಬೇಸಿಗೆ ಪೂರ್ತಿ ಪೈಪಿನ ನೀರು ನೋಡಿ ಆಮೇಲೆ ಹೇಳೋಣ ಅನ್ನುವವರು ಜಾಸ್ತಿ. ಅಧ್ಯಕ್ಷೆಗೆ ಅಷ್ಟು ತಾಳ್ಮೆ ಇಲ್ಲ. ಪೈಪಿನ ನೀರನ್ನು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಲು ಅದೇ ಖಾತೆಯಿಂದ ಹಣ ತೆಗೆಯೋಣ ಅಂತ ಕಳೆದ ಸಭೆಯಲ್ಲಿ ಹೇಳಿ, ಖರ್ಚು ಎಷ್ಟಾಗುತ್ತದೆ ಅಂತ ವಿಚಾರಿಸುವ ಕೆಲಸ ನನಗೆ ಒಪ್ಪಿಸಿದ್ದಾರೆ.